ನಗರದಂಚಿನ ಗ್ರಾಮಗಳಲ್ಲಿ ಸೊಪ್ಪು ತರಕಾರಿಯ ಬೇಸಾಯ: ಮಲ್ಲತ್ತಹಳ್ಳಿಯ ದೃಷ್ಟಾಂತ

ಬೆಂಗಳೂರು ನಗರದ ಪಶ್ಚಿಮ ದಿಕ್ಕಿನಲ್ಲಿ, ಜ್ಞಾನಭಾರತಿಗೂ ನಾಗರಭಾವಿಗೂ ಸಮೀಪದಲ್ಲಿ ಮಲ್ಲತ್ತಹಳ್ಳಿಯೆಂಬ ಊರು ಇರುವುದು. ಊರಿನ ಕೆರೆಯು ಸುಮಾರು 70 ಎಕರೆ ವಿಸ್ತಾರವುಳ್ಳದ್ದು. ಒಂದಾನೊಂದು ಕಾಲಕ್ಕೆ ಈ ಸೀಮೆಯ ಗ್ರಾಮಗಳೆಲ್ಲವೂ ರಾಗಿ, ಅವರೆ, ಹುರುಳಿಗಳನ್ನು ಬೆಳೆದು, ಕೆರೆಯ ಕೆಳಗೆ ತರಕಾರಿಯ ಮಡಿಗಳನ್ನು ಮಾಡಿಕೊಂಡು ಜೀವಿಸುತ್ತಿದ್ದುವು. ಕಾಲಕ್ರಮದಲ್ಲಿ ನಗರವು ವಿಸ್ತರಿಸಿ, ಹೊಲಗಳು ನಿವೇಶನಗಳಾದುವು. ಬಡಾವಣೆಗಳೂ ವಿದ್ಯಾಸಂಸ್ಥೆಗಳೂ ಎದ್ದುವು. ಈಗ ಆ ಕಡೆಗೆ ಹೋದವರಿಗೆ ಎತ್ತರವಾದ ಮನೆಗಳ ನಡುವೆ ಅಲ್ಲಲ್ಲಿ ಖಾಲಿ ಬಿದ್ದಿರುವ ನಿವೇಶನಗಳೂ, ಅವುಗಳಲ್ಲಿ ಬೆಳೆದ ಪಾರ್ಥೇನಿಯಂ ಕಳೆಯೂ, ಕಟ್ಟಡದ ಕೆಲಸಕ್ಕಾಗಿ ಬಂದ ಕೂಲಿಗಾರರ ತಗಡಿನ ಗುಡಿಸಲುಗಳೂ ಒಂದೇ ಬೀದಿಯಲ್ಲಿ ಕಣ್ಣಿಗೆ ಬೀಳುವುವು.

ಈ ಮೂರು ಸಂಗತಿಗಳನ್ನು ಒಟ್ಟಿಗೆ ಆಲೋಚಿಸುವುದೇ ಈ ಲೇಖನದ ಉದ್ದೇಶ. ಒಂದು ಕಡೆ ಬೀಳುಬಿದ್ದ ಭೂಮಿ, ಮತ್ತೊಂದು ಕಡೆ ಬೇಸಾಯವನ್ನು ಬಲ್ಲ ಕೈಗಳು, ಮೂರನೆಯ ಕಡೆ ಸೊಪ್ಪು ತರಕಾರಿಯಿಲ್ಲದ ಊಟ. ಇವುಗಳನ್ನು ಕೂಡಿಸುವ ಅಧಿಕಾರವು ಬಹುಮಟ್ಟಿಗೆ ಊರಿನ ಮುಖಂಡರ ಮತ್ತು ಭೂಮಾಲಿಕರ ಕೈಯಲ್ಲಿರುವುದು. ಆದಕಾರಣ ಈ ವಿಷಯವನ್ನು ಅವರ ಮುಂದೆಯೇ ಇಡುವುದು ಯುಕ್ತವೆಂದು ತೋರಿತು. ನಗರವು ಇನ್ನೂ ಬಂದು ತಲುಪದ ಗ್ರಾಮಗಳ ಹಿರಿಯರು ಇದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಏಕೆಂದರೆ ಮಲ್ಲತ್ತಹಳ್ಳಿಗೆ ಆದದ್ದು ನಾಳೆ ಅವರ ಊರಿಗೂ ಆಗಬಹುದು.

1. ಅನ್ನವಿದ್ದರೂ ಇರುವ ಕೊರತೆ

2013ನೆಯ ಇಸವಿಯ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದಲೂ, ಅದೇ ವರ್ಷ ಕರ್ನಾಟಕದಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದಲೂ ಬಡವರ ಮನೆಗೆ ಧಾನ್ಯವು ದೊರೆಯುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಪಡಿತರದ ಅಂಗಡಿಯಲ್ಲಿ ಸೊಪ್ಪು ದೊರೆಯದು, ತರಕಾರಿ ದೊರೆಯದು. ಅವುಗಳನ್ನು ಪ್ರತಿದಿನವೂ ದುಡ್ಡು ಕೊಟ್ಟೇ ಕೊಳ್ಳಬೇಕು. ಕೂಲಿಯು ಒಂದು ದಿನ ತಪ್ಪಿದರೆ ಮೊದಲು ನಿಂತುಹೋಗುವುದು ತರಕಾರಿಯೇ ಹೊರತು ಅನ್ನವಲ್ಲ. ಹೊಟ್ಟೆಯು ತುಂಬುವುದರಿಂದ ಈ ಕೊರತೆಯು ಹೊರಗೆ ಕಾಣಿಸದೆ ರಕ್ತದಲ್ಲಿ ಕಾಣಿಸಿಕೊಳ್ಳುವುದು.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರ ಪೈಕಿ ನೂರಕ್ಕೆ 47.8 ಮಂದಿಗೂ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65.5 ಮಂದಿಗೂ ರಕ್ತಹೀನತೆಯಿರುವುದು ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದಕ್ಕೆ ಸೊಪ್ಪಿನ ಕೊರತೆಯೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಬೇಳೆ, ಹಾಲು, ಮೊಟ್ಟೆಗಳ ಅಭಾವ, ಕೊಳೆನೀರು, ಜಂತುಹುಳುಗಳು, ತಾಯಂದಿರ ಆಯಾಸ ಇವೂ ಕಾರಣಗಳು. ಆದರೆ ಇವುಗಳಲ್ಲಿ ಅತ್ಯಲ್ಪ ವೆಚ್ಚದಿಂದ, ಅತಿ ಶೀಘ್ರವಾಗಿ, ಮನೆಯ ಬಾಗಿಲಲ್ಲಿಯೇ ನೀಗಿಸಿಕೊಳ್ಳಬಹುದಾದ ಕೊರತೆಯು ಸೊಪ್ಪಿನದು.

ವಿಶ್ವ ಆರೋಗ್ಯ ಸಂಸ್ಥೆಯು ಪ್ರತಿಯೊಬ್ಬರೂ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ತಿನ್ನಬೇಕೆಂದು ಹೇಳಿರುವುದು. ಇದರಲ್ಲಿ ಸುಮಾರು 100 ಗ್ರಾಂನಷ್ಟಾದರೂ ಹಸುರು ಸೊಪ್ಪಾಗಿದ್ದರೆ ಬಹಳ ಒಳ್ಳೆಯದು. ನಮ್ಮ ಹಿರಿಯರು ಮಸೊಪ್ಪು, ಬಸ್ಸಾರು, ಉಪ್ಪುಸಾರುಗಳೆಂದು ರಾಗಿಮುದ್ದೆಯೊಡನೆ ಸೊಪ್ಪನ್ನು ನಿತ್ಯವೂ ಉಣ್ಣುತ್ತಿದ್ದುದು ಶಾಸ್ತ್ರಸಮ್ಮತವಾದ ಪದ್ಧತಿಯೇ ಆಗಿತ್ತು. ಆಗ ಸೊಪ್ಪಿಗೆ ದುಡ್ಡಿರಲಿಲ್ಲ; ಹೊಲದ ಬದುವಿನಲ್ಲಿಯೂ ಹಿತ್ತಲಿನಲ್ಲಿಯೂ ಅದು ಸಿಗುತ್ತಿತ್ತು. ಬದುವೂ ಹಿತ್ತಲೂ ಹೋದ ಮೇಲೆ ಆ ಸೊಪ್ಪೂ ಹೋಯಿತು. ನಗರವು ಬಡವರಿಂದ ತೆಗೆದುಕೊಂಡ ವಸ್ತುಗಳಲ್ಲಿ ಇದೂ ಒಂದೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಹಾರ ನ್ಯಾಯವೆಂಬ ಮಾತಿಗೆ ಇಲ್ಲಿ ಇಷ್ಟೇ ಅರ್ಥ: ಈ ಹೋದದ್ದನ್ನು ಅವರಿಗೆ ಹಿಂತಿರುಗಿಸುವುದು.

2. ಒಂದು ನಿವೇಶನದ ಲೆಕ್ಕ

ನಗರದೊಳಗೆ ಬೇಸಾಯವೆಂದರೆ ನಗುವವರುಂಟು. ಇಷ್ಟು ಸಣ್ಣ ಜಾಗದಿಂದ ಏನಾದೀತು ಎಂದು ಕೇಳುವವರೂ ಉಂಟು. ಧಾನ್ಯದ ವಿಷಯದಲ್ಲಿ ಈ ಪ್ರಶ್ನೆ ಸರಿಯಾದುದೇ. ನಗರವು ತನ್ನ ರಾಗಿಯನ್ನಾಗಲಿ ಅಕ್ಕಿಯನ್ನಾಗಲಿ ಎಂದಿಗೂ ಬೆಳೆದುಕೊಳ್ಳಲಾರದು. ಆದರೆ ಸೊಪ್ಪಿನ ಮಾತು ಬೇರೆ. ಲೆಕ್ಕವನ್ನು ನೋಡೋಣ.

ಐದು ಜನರ ಸಂಸಾರಕ್ಕೆ ತಲೆಗೆ 100 ಗ್ರಾಂನಂತೆ ದಿನಕ್ಕೆ ಅರ್ಧ ಕಿಲೋ, ತಿಂಗಳಿಗೆ 15 ಕಿಲೋ ಸೊಪ್ಪು ಬೇಕಾಗುವುದು. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ 'ಅರ್ಕಾ ಸುಗುಣ' ಎಂಬ ದಂಟಿನ ತಳಿಯನ್ನು ಹಲವು ಬಾರಿ ಕೊಯ್ಯಬಹುದು. 90 ದಿನಗಳಲ್ಲಿ ಹೆಕ್ಟೇರಿಗೆ 25ರಿಂದ 30 ಟನ್ ಇಳುವರಿಯು ಅದರದು. ಎಂದರೆ ಚದರ ಮೀಟರಿಗೆ ತಿಂಗಳಿಗೆ ಒಂದು ಕಿಲೋವಿಗೆ ಸ್ವಲ್ಪ ಕಡಮೆ. ಹೊಸಬರ ಕೈಯಲ್ಲಿ ಅಷ್ಟು ಬರಲಾರದೆಂದು ಮುಕ್ಕಾಲು ಕಿಲೋ ಎಂದೇ ಹಿಡಿಯೋಣ. ಹಾಗೆ ಹಿಡಿದರೂ 20 ಚದರ ಮೀಟರ್ ಮಡಿಯು ಒಂದು ಸಂಸಾರಕ್ಕೆ ಸಾಕಾಗುವುದು.

30 ಅಡಿಗೆ 40 ಅಡಿಯ ನಿವೇಶನವು 1,200 ಚದರ ಅಡಿ, ಎಂದರೆ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಐದರಲ್ಲಿ ಎರಡು ಪಾಲು ಓಡಾಟಕ್ಕೂ, ಗೊಬ್ಬರದ ಗುಂಡಿಗೂ, ನೀರಿನ ತೊಟ್ಟಿಗೂ ಬಿಟ್ಟರೆ ಸುಮಾರು 65 ಚದರ ಮೀಟರ್ ಮಡಿಗೆ ಉಳಿಯುವುದು. ಹೀಗೆ ಕಳೆ ಬೆಳೆದು ಹಾವು ಹೆಗ್ಗಣಗಳಿಗೆ ಆಶ್ರಯವಾಗಿರುವ ಒಂದೊಂದು ನಿವೇಶನವೂ ಮೂರು ಸಂಸಾರಗಳಿಗೆ ನಿತ್ಯದ ಸೊಪ್ಪನ್ನು ಕೊಡಬಲ್ಲದು. ಬೀದಿಗೆ ಇಂತಹವು ನಾಲ್ಕು ಇದ್ದರೆ ಹನ್ನೆರಡು ಸಂಸಾರಗಳಾದುವು. ಬೇಲಿಯ ಸಾಲಿನಲ್ಲಿ ಎರಡು ನುಗ್ಗೆ, ಒಂದು ಕರಿಬೇವು, ಚಪ್ಪರದ ಮೇಲೆ ಬಸಳೆ ಮತ್ತು ಹೀರೆ, ಮೂಲೆಯಲ್ಲಿ ಪರಂಗಿ ಇವುಗಳನ್ನು ಹಾಕಿದರೆ ಮಡಿಗೆ ತೊಂದರೆಯಿಲ್ಲದೆ ಇನ್ನಷ್ಟು ದೊರೆಯುವುದು.

3. ನೀರಿನ ವಿಷಯ: ಎಲ್ಲಕ್ಕಿಂತ ಮುಖ್ಯವಾದುದು

ಭೂಮಿಯಿದ್ದು ಜನರಿದ್ದರೂ ನೀರು ಕೆಟ್ಟದ್ದಾದರೆ ಈ ಕಾರ್ಯಕ್ಕೆ ಕೈಹಾಕದಿರುವುದೇ ಮೇಲು. ಇದನ್ನು ಸ್ವಲ್ಪ ವಿವರಿಸಬೇಕು.

ಮಲ್ಲತ್ತಹಳ್ಳಿಯ ಸುತ್ತಣ ಪ್ರದೇಶವು ವೃಷಭಾವತಿಯ ಕಣಿವೆಗೆ ಸೇರಿದುದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನರು ನಂಬಿರುವ ಈ ನದಿಯು ಗಾಳಿ ಆಂಜನೇಯಸ್ವಾಮಿಯ ದೇವಾಲಯದ ಬಳಿಯಿಂದ ಕೆಂಗೇರಿಯ ಕಡೆಗೆ ಹರಿದು, ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ಹೊಕ್ಕು, ಮುಂದೆ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುವುದು. ಹಿಂದೆ ಸ್ನಾನಪಾನಗಳಿಗೆ ಯೋಗ್ಯವಾಗಿದ್ದ ಇದರಲ್ಲಿ ಈಗ ನಗರದ ಪಶ್ಚಿಮಭಾಗದ ಚರಂಡಿ ನೀರೂ ಕಾರ್ಖಾನೆಗಳ ಕಲ್ಮಷವೂ ಹರಿಯುತ್ತಿರುವುವು. ಈ ನೀರಿನಿಂದ ಬೆಳೆದ ಪೈರು ಕಣ್ಣಿಗೆ ಬಹಳ ಹುಲುಸಾಗಿ ಕಾಣುವುದು. ಚರಂಡಿಯ ನೀರಿನಲ್ಲಿ ಗೊಬ್ಬರದ ಅಂಶವಿರುವುದೇ ಅದಕ್ಕೆ ಕಾರಣ. ಹುಲುಸಾದ ಎಲೆಯನ್ನು ಕಂಡು ಮೋಸಹೋಗಬಾರದು.

ಇಂತಹ ನೀರಿನಲ್ಲಿ ಎರಡು ವಿಧವಾದ ದೋಷಗಳುಂಟು. ಮೊದಲನೆಯದು ಭೇದಿ, ವಿಷಮಶೀತಜ್ವರಗಳ ಸೂಕ್ಷ್ಮಜೀವಿಗಳೂ ಜಂತುಹುಳುಗಳ ಮೊಟ್ಟೆಗಳೂ ಎಲೆಗೆ ಅಂಟುವುದು. ಚೆನ್ನಾಗಿ ತೊಳೆದು ಬೇಯಿಸುವುದರಿಂದ ಇದು ಬಹುಮಟ್ಟಿಗೆ ಪರಿಹಾರವಾದೀತು. ಎರಡನೆಯದು ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು. ಇವು ಬೇರಿನ ಮೂಲಕ ಗಿಡದೊಳಕ್ಕೇ ಸೇರುವುದರಿಂದ ಎಷ್ಟು ತೊಳೆದರೂ ಬೇಯಿಸಿದರೂ ಹೋಗುವುವಲ್ಲ. ಕಾಯಿಗಳಿಗಿಂತ ಎಲೆಗಳಲ್ಲಿಯೇ ಇವು ಹೆಚ್ಚಾಗಿ ಶೇಖರವಾಗುವುವು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುವುದು. ಕ್ಯಾಡ್ಮಿಯಂ ಮೂತ್ರಪಿಂಡಗಳನ್ನು ಕೆಡಿಸುವುದು. ರಕ್ತಹೀನತೆಗೆ ಔಷಧವೆಂದು ಕೊಟ್ಟ ಸೊಪ್ಪು ಮಗುವಿಗೆ ವಿಷವಾಗುವುದೆಂದರೆ ಅದಕ್ಕಿಂತ ಅನ್ಯಾಯವಿಲ್ಲ. ವಿಶೇಷವೇನೆಂದರೆ, ಅಗ್ಗವಾದ ಸೊಪ್ಪನ್ನೇ ಹುಡುಕುವ ಬಡವರ ಪಾಲಿಗೆ ಇಂತಹ ಸೊಪ್ಪು ಬರುವ ಸಂಭವವು ಹೆಚ್ಚು.

ಹಾಗಾದರೆ ನೀರಿಗೆ ಏನು ಮಾಡಬೇಕು? ಮಾರ್ಗಗಳು ಈ ಕೆಳಕಂಡಂತಿವೆ.

ಮೊದಲನೆಯದಾಗಿ ಮಳೆಯ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ ಬೀಳುವುದು. 1,200 ಚದರ ಅಡಿಯ ಮಾಳಿಗೆಯೊಂದರ ಮೇಲೆ ಬಿದ್ದುದರಲ್ಲಿ ಐದನೆಯ ಒಂದು ಪಾಲು ನಷ್ಟವಾಯಿತೆಂದರೂ ವರ್ಷಕ್ಕೆ ಸುಮಾರು 86,000 ಲೀಟರ್ ದೊರೆಯುವುದು. ಮೇಲೆ ಹೇಳಿದ ನಿವೇಶನದ ಮಡಿಗಳಿಗೆ ಬೇಸಗೆಯಲ್ಲಿ ದಿನಕ್ಕೆ ಸುಮಾರು 300 ಲೀಟರ್ ಬೇಕಾಗುವುದರಿಂದ, 10,000 ಲೀಟರಿನ ತೊಟ್ಟಿಯು ಒಂದು ತಿಂಗಳಿಗೆ ಸಾಕು. ಪಕ್ಕದ ಮನೆಯವರು ತಮ್ಮ ಮಾಳಿಗೆಯ ನೀರನ್ನು ಬೀದಿಗೆ ಬಿಡುವ ಬದಲು ತೋಟದ ತೊಟ್ಟಿಗೆ ಬಿಟ್ಟರೆ ಇಬ್ಬರಿಗೂ ಉಪಕಾರ. ತೊಟ್ಟಿ ತುಂಬಿ ಮಿಕ್ಕ ನೀರನ್ನು ಇಂಗುಗುಂಡಿಗೆ ತಿರುಗಿಸಬೇಕು.

ಎರಡನೆಯದು ಅಡಿಗೆಯ ಮನೆಯ ನೀರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಮನೆಗೊಂದು ಕೊಡದಂತೆ ಸೇರಿಸಿದರೂ ಹತ್ತು ಮನೆಗಳಿಂದ ಮಡಿಯ ಅರ್ಧ ಬಾಯಾರಿಕೆ ತೀರುವುದು. ಸಾಬೂನು ಬೆರೆತ ಸ್ನಾನದ ನೀರನ್ನು ಸೊಪ್ಪಿಗೆ ಹಾಕಬಾರದು. ಅದನ್ನು ಬಾಳೆಯ ಬುಡಕ್ಕೆ ಬಿಡಬಹುದು.

ಮೂರನೆಯದು ಬಾವಿಯ ನೀರು. ಹಳೆಯ ತೆರೆದ ಬಾವಿಯಿದ್ದರೆ ಮುಚ್ಚದೆ ಹೂಳೆತ್ತಿಸಿ, ಉಪಯೋಗಿಸುವುದಕ್ಕೆ ಮುಂಚೆ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.

ಕುಡಿಯುವ ನಲ್ಲಿಯ ನೀರನ್ನು ತೋಟಕ್ಕೆ ಉಪಯೋಗಿಸುವುದು ಎಂದಿಗೂ ತರವಲ್ಲ. 2024ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಅನೇಕ ಕೊಳವೆಬಾವಿಗಳು ಬತ್ತಿ ನಗರಕ್ಕೆ ನೀರಿನ ಕ್ಷಾಮವೊದಗಿದಾಗ, ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿಗಳ ದಂಡವನ್ನು ಗೊತ್ತುಮಾಡಿದುದನ್ನು ಎಲ್ಲರೂ ಬಲ್ಲರು.

4. ಮಣ್ಣು ಮತ್ತು ಗೊಬ್ಬರ

ಖಾಲಿ ನಿವೇಶನದ ಮಣ್ಣು ಹೊಲದ ಮಣ್ಣಲ್ಲ. ಕಟ್ಟಡದ ಚೂರು, ಸಿಮೆಂಟು, ಹಳೆಯ ಬಣ್ಣದ ಸಿಪ್ಪೆ, ಪ್ಲಾಸ್ಟಿಕ್ಕು ಇವೆಲ್ಲ ಅದರಲ್ಲಿ ಬೆರೆತಿರುವುವು. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲನ್ನು ನಿಲ್ಲಿಸಿದ್ದು 2000ನೆಯ ಇಸವಿಯಲ್ಲಿ. ಅದಕ್ಕೆ ಹಿಂದೆ ಹೆದ್ದಾರಿಯ ಅಂಚಿನಲ್ಲಿ ಬಿದ್ದ ಸೀಸವು ಮಣ್ಣಿನಲ್ಲಿ ಬಹುಕಾಲ ನಿಲ್ಲತಕ್ಕದ್ದು. ಆದುದರಿಂದ ದೊಡ್ಡ ರಸ್ತೆಯ ಮಗ್ಗುಲನ್ನು ಬಿಟ್ಟು ಒಳಬೀದಿಯ ನಿವೇಶನವನ್ನು ಆರಿಸಿಕೊಳ್ಳಬೇಕು. ಕಸವನ್ನೆಲ್ಲ ತೆಗೆದು, ಒಂದು ಗೇಣು ಎತ್ತರಕ್ಕೆ ಹೊರಗಿನ ಒಳ್ಳೆಯ ಮಣ್ಣನ್ನೂ ಗೊಬ್ಬರವನ್ನೂ ಬೆರೆಸಿ ಏರುಮಡಿಗಳನ್ನು ಮಾಡುವುದು ಕ್ಷೇಮಕರ. ಮಡಿಯು ಒಂದು ಮೀಟರಿಗಿಂತ ಅಗಲವಾಗಿರಬಾರದು; ಎರಡು ಕಡೆಯಿಂದಲೂ ಕೈ ಚಾಚಿ ಕೆಲಸಮಾಡುವಂತಿರಬೇಕು.

ಗೊಬ್ಬರದ ವಿಷಯದಲ್ಲಿ ಬೆಂಗಳೂರಿಗೆ ಒಂದು ಹಿರಿಮೆಯುಂಟು. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ|| ಸಿ. ಎನ್. ಆಚಾರ್ಯರವರು ಪಟ್ಟಣದ ಕಸವನ್ನು ಗುಂಡಿಗಳಲ್ಲಿ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ಸಿದ್ಧಪಡಿಸಿದರು. ಅದು ಲೋಕದಲ್ಲಿ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಪಟ್ಟಣದ ಕಸವು ಪಟ್ಟಣದಾಚೆಗೆ ಎಸೆಯುವ ಹೊಲಸಲ್ಲ, ಭೂಮಿಗೆ ಹಿಂತಿರುಗಿಸಬೇಕಾದ ಸಾಲವೆಂಬುದನ್ನು ಈ ಪದ್ಧತಿಯು ತೋರಿಸಿಕೊಟ್ಟಿತು. ಈಚಿನ ವರ್ಷಗಳಲ್ಲಿ ನಗರದ ಕಸವನ್ನು ತಮ್ಮ ಊರ ಬಾಗಿಲಿಗೆ ಸುರಿಸಿಕೊಂಡು ಮಂಡೂರಿನ ಜನರು ಪಟ್ಟ ಪಾಡನ್ನು ನೆನೆದವರಿಗೆ ಈ ಮಾತಿನ ಬೆಲೆ ತಿಳಿಯುವುದು.

ಸೊಪ್ಪಿನ ತೋಟಕ್ಕೆ ಈ ಕೆಳಗಿನ ಸುಲಭ ಕ್ರಮವೇ ಸಾಕು. ಮನೆಗಳ ಹಸಿಕಸವನ್ನು ಮಾತ್ರ ಬೇರ್ಪಡಿಸಿ ತರಬೇಕು. ಗಾಳಿಯಾಡುವ ತೊಟ್ಟಿಯಲ್ಲಿ ನಾಲ್ಕು ಬೆರಳು ಹಸಿಕಸ, ಅದರ ಮೇಲೆ ಅಷ್ಟೇ ಒಣಗಿದ ಎಲೆ, ಒಂದು ಹಿಡಿ ಹಳೆಯ ಗೊಬ್ಬರ, ಹೀಗೆ ಪದರ ಕಟ್ಟಿ ವಾರಕ್ಕೊಮ್ಮೆ ಮಗುಚಿದರೆ ಸುಮಾರು ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯುಳ್ಳ ಕಪ್ಪು ಗೊಬ್ಬರವಾಗುವುದು. ದುರ್ವಾಸನೆ ಬಂದರೆ ನೀರಂಶ ಹೆಚ್ಚಾಯಿತೆಂದು ತಿಳಿದು ಒಣ ಎಲೆಯನ್ನು ಸೇರಿಸಬೇಕು. ಬಡಾವಣೆಯಲ್ಲಿ ಒಣ ಎಲೆಯನ್ನು ಗುಡಿಸಿ ಸುಡುವ ಕೆಟ್ಟ ಅಭ್ಯಾಸವು ಇದರಿಂದ ತಾನಾಗಿ ನಿಲ್ಲುವುದು. ಮೊದಲ ಬಿತ್ತನೆಗೆ ಚದರ ಮೀಟರಿಗೆ 3 ಕಿಲೋ ಗೊಬ್ಬರವನ್ನೂ, ಪ್ರತಿ ಕೊಯ್ಲಿನ ಅನಂತರ ಒಂದೆರಡು ಹಿಡಿಯನ್ನೂ ಕೊಡತಕ್ಕದ್ದು.

5. ಬಿತ್ತನೆ ಮತ್ತು ಕೊಯ್ಲು

ಮಡಿಗಳನ್ನೆಲ್ಲ ಒಂದೇ ದಿನ ಬಿತ್ತಿದರೆ ಒಂದು ವಾರ ಸೊಪ್ಪು ರಾಶಿಯಾಗಿ, ಮುಂದಿನ ಮೂರು ವಾರ ಇಲ್ಲದಂತಾಗುವುದು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಇದೇ. ಮಡಿಗಳನ್ನು ನಾಲ್ಕು ಪಾಲು ಮಾಡಿ ವಾರಕ್ಕೊಂದು ಪಾಲನ್ನು ಬಿತ್ತಬೇಕು. ದಂಟಿನ ಬೀಜವು ಬಹಳ ಸಣ್ಣದಾದುದರಿಂದ ಹತ್ತರಷ್ಟು ನುಣ್ಣನೆಯ ಮರಳಿನೊಡನೆ ಬೆರೆಸಿ ಸಾಲಿನಲ್ಲಿ ಚೆಲ್ಲಬೇಕು. ಸುಮಾರು 25 ದಿನಕ್ಕೆ ಮೊದಲ ಕೊಯ್ಲು ಬರುವುದು. ಮೆಂತ್ಯವು ಒಂದು ತಿಂಗಳೊಳಗೂ, ಪಾಲಕ್ ಐದಾರು ವಾರಗಳಲ್ಲಿಯೂ ಸಿದ್ಧವಾಗುವುವು. ಹೊನಗೊನೆ, ಬಸಳೆಗಳನ್ನು ಕಡ್ಡಿಯಿಂದಲೇ ಹಚ್ಚಬಹುದು. ಒಂದು ಮಡಿಯಲ್ಲಿ ಒಂದೇ ಸೊಪ್ಪನ್ನು ಮತ್ತೆ ಮತ್ತೆ ಹಾಕದೆ, ನಡುವೆ ಹುರುಳಿಕಾಯಿ ಅಥವಾ ಅಲಸಂದೆಯಂತಹ ದ್ವಿದಳವನ್ನು ಬೆಳೆದರೆ ಮಣ್ಣಿಗೆ ಸತ್ವ ಬರುವುದು.

ಎಳೆಯ ಸೊಪ್ಪಿನ ಮೇಲೆ ವಿಷದ ಔಷಧವನ್ನು ಸಿಂಪಡಿಸಲೇಕೂಡದು. ಹುಳುವಿದ್ದ ಎಲೆಯನ್ನು ಕೈಯಿಂದ ಕಿತ್ತುಹಾಕಬೇಕು. ಹೇನು ಹೆಚ್ಚಾದರೆ ಕುಟ್ಟಿದ ಬೇವಿನ ಬೀಜ 50 ಗ್ರಾಂ ಅನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ ಸೋಸಿ ಸಂಜೆಯಲ್ಲಿ ಸಿಂಪಡಿಸಬಹುದು. ನೀರಿನ ತೊಟ್ಟಿಗಳಿಗೆ ಭದ್ರವಾದ ಮುಚ್ಚಳವಿರಬೇಕು. ಕುಂಡಗಳ ಕೆಳಗಣ ತಟ್ಟೆಗಳನ್ನು ವಾರಕ್ಕೊಮ್ಮೆಯಾದರೂ ಬರಿದುಮಾಡಿ ಉಜ್ಜಬೇಕು. ಇಲ್ಲವಾದರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಗಳು ಅಲ್ಲಿಯೇ ಮರಿಮಾಡುವುವು. ಆರೋಗ್ಯಕ್ಕಾಗಿ ಮಾಡಿದ ತೋಟವೇ ರೋಗಕ್ಕೆ ಮೂಲವೆಂಬ ಅಪವಾದಕ್ಕೆ ಗುರಿಯಾಗಬಾರದು.

ಅಡಿಗೆಯ ವಿಷಯವಾಗಿ ಎರಡು ಮಾತು: ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ಶರೀರಕ್ಕೆ ಹತ್ತಬೇಕಾದರೆ ನಿಂಬೆಹಣ್ಣು, ನೆಲ್ಲಿಕಾಯಿಗಳಂತಹ ಹುಳಿಯು ಜೊತೆಗಿರಬೇಕು. ಊಟದೊಡನೆಯೂ ಊಟವಾದೊಡನೆಯೂ ಕಾಫಿ ಚಹಗಳನ್ನು ಕುಡಿಯುವುದರಿಂದ ಆ ಅಂಶವು ವ್ಯರ್ಥವಾಗುವುದು.

6. ಮಾಳಿಗೆಯ ತೋಟಗಳು ಕಲಿಸಿದ ಪಾಠ

ನಗರದಲ್ಲಿ ಬೇಸಾಯವು ಹೊಸದೇನೂ ಅಲ್ಲ. ಬೆಂಗಳೂರಿನ ತಿಗಳರು ತಲೆತಲಾಂತರದಿಂದ ಪೇಟೆಯ ಸುತ್ತಣ ಕೆರೆಗಳ ನೀರಿನಿಂದ ಸೊಪ್ಪು ತರಕಾರಿ ಹೂಗಳನ್ನು ಬೆಳೆದು ಪಟ್ಟಣಕ್ಕೆ ಒದಗಿಸುತ್ತಿದ್ದರು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ಸಿನ ನಿಲ್ದಾಣವೂ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೂ ಬಂದುವು. ಕೆರೆಯೊಡನೆ ಅದರ ನೀರನ್ನು ನಂಬಿದ ತೋಟವೂ ಹೋಗುವುದೆಂಬುದಕ್ಕೆ ಇದು ನಿದರ್ಶನ. ಈಚೆಗೆ ಡಾ|| ಬಿ. ಎನ್. ವಿಶ್ವನಾಥ್ ಅವರು ಅನೇಕ ವರ್ಷಗಳ ಕಾಲ ನಗರವಾಸಿಗಳಿಗೆ ಮಾಳಿಗೆಯ ಮೇಲೆ ಸಾವಯವ ತರಕಾರಿ ಬೆಳೆಯುವುದನ್ನು ಕಲಿಸಿದರು. 2011ರಲ್ಲಿ ಆರಂಭವಾದ 'ಊಟ ಫ್ರಂ ಯುವರ್ ತೋಟ' ಎಂಬ ಮೇಳದಿಂದ ಸಾವಿರಾರು ಮಂದಿಗೆ ಇದರಲ್ಲಿ ಆಸಕ್ತಿ ಹುಟ್ಟಿತು.

ಮಾಳಿಗೆಯಲ್ಲಿ ಬೆಳೆಯುವವರು ಭಾರದ ಕಡೆಗೆ ಗಮನವಿಡಬೇಕು. ಆರು ಅಂಗುಲ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ 240 ಕಿಲೋವಿನಷ್ಟು ತೂಗುವುದು. ಸಾಮಾನ್ಯ ಮನೆಯ ಮಾಳಿಗೆಯನ್ನು ಓಡಾಟಕ್ಕಾಗಿ 150 ಕಿಲೋವಿನ ಭಾರಕ್ಕೆ ಕಟ್ಟಿರುವರು. ಆದುದರಿಂದ ತೆಂಗಿನ ನಾರಿನ ಹುಡಿ ಮತ್ತು ಗೊಬ್ಬರ ಹೆಚ್ಚಾಗಿಯೂ ಮಣ್ಣು ಕಡಮೆಯಾಗಿಯೂ ಇರುವ ಹಗುರವಾದ ಚೀಲಗಳನ್ನು ಗೋಡೆ ಮತ್ತು ತೊಲೆಗಳ ಮೇಲೆ ಬರುವಂತೆ ಇಡಬೇಕು.

ಆದರೆ ಮಾಳಿಗೆಯ ತೋಟದಿಂದ ಪ್ರಯೋಜನ ಹೊಂದುವವರು ಸ್ವಂತ ಮಾಳಿಗೆಯುಳ್ಳವರು. ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಗಾರ್ಮೆಂಟ್ಸ್ ಕೆಲಸದ ಹೆಂಗಸಿಗೂ, ರಾಯಚೂರು ಯಾದಗಿರಿಗಳ ಕಡೆಯಿಂದ ಹೊಲಬಿಟ್ಟು ಬಂದು ಕಟ್ಟಡ ಕಟ್ಟುವ ಕೂಲಿಗಾರನಿಗೂ ಮಾಳಿಗೆಯಿಲ್ಲ. ಅವನಿಗೆ ನೆಲವನ್ನು ಹದಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ನೆಲವೊಂದೇ ಇಲ್ಲ. ಬೇಸಾಯ ಬಲ್ಲವನ ಮಕ್ಕಳು ಸೊಪ್ಪಿಲ್ಲದೆ ರಕ್ತಹೀನರಾಗುವುದು, ಅವನ ಗುಡಿಸಲಿನ ಪಕ್ಕದಲ್ಲಿಯೇ ಒಂದು ಗುಂಟೆ ನೆಲ ಕಳೆಯಿಂದ ತುಂಬಿರುವುದು, ಇದು ವಿವೇಕಿಗಳಾದವರು ಆಲೋಚಿಸಬೇಕಾದ ಸಂಗತಿ.

ಕಷ್ಟಕಾಲದಲ್ಲಿ ಇತರ ದೇಶದವರು ಇದನ್ನು ಆಲೋಚಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಪಟ್ಟಣಗಳಲ್ಲಿ ಉದ್ಯಾನಗಳನ್ನೂ ಖಾಲಿ ನೆಲಗಳನ್ನೂ ತುಂಡುತುಂಡಾಗಿ ಸಂಸಾರಗಳಿಗೆ ಹಂಚಿ ತರಕಾರಿ ಬೆಳೆಯಿಸಿದರು. 1991ರಲ್ಲಿ ಸೋವಿಯತ್ ದೇಶವು ಒಡೆದು ಕ್ಯೂಬಾ ದ್ವೀಪಕ್ಕೆ ಎಣ್ಣೆಯೂ ಗೊಬ್ಬರವೂ ಬರುವುದು ನಿಂತಾಗ, ಅಲ್ಲಿನ ರಾಜಧಾನಿಯಾದ ಹವಾನಾದ ಜನರು ಖಾಲಿ ನಿವೇಶನಗಳಲ್ಲಿ ಏರುಮಡಿಗಳನ್ನು ಕಟ್ಟಿ ಸೊಪ್ಪು ತರಕಾರಿಗಳನ್ನು ಬೆಳೆದುಕೊಂಡರು. ಎರಡು ಕಡೆಗಳಲ್ಲಿಯೂ ಮೊದಲು ಆದ ಕೆಲಸವೆಂದರೆ ನೆಲವನ್ನು ಬಿಟ್ಟುಕೊಟ್ಟದ್ದು.

7. ಭೂಮಾಲಿಕರ ಸಂದೇಹ

ಭೂಮಿಯುಳ್ಳವರು ಇಲ್ಲಿ ಒಂದು ಸಂದೇಹವನ್ನು ಹೇಳುವರು: ಇಂದು ಸೊಪ್ಪು ಹಾಕಲು ಬಿಟ್ಟರೆ ನಾಳೆ ಹಕ್ಕು ಕೇಳಿದರೆ ಏನು ಗತಿ? ಭೂಸುಧಾರಣಾ ಕಾಯಿದೆಯ 1974ರ ತಿದ್ದುಪಡಿಯ ನೆನಪು ಇದಕ್ಕೆ ಕಾರಣ. ಈ ಸಂದೇಹವನ್ನು ತಿರಸ್ಕರಿಸುವುದು ಸರಿಯಲ್ಲ. ಅದಕ್ಕೆ ಉತ್ತರ ಹೇಳಬೇಕು.

ಕೆಲವು ಅಪವಾದಗಳನ್ನು ಬಿಟ್ಟರೆ ಕೃಷಿಯ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಆ ಕಾಯಿದೆಯಲ್ಲಿ ನಿಷೇಧವುಂಟು. ಇಲ್ಲಿ ಸೂಚಿಸುತ್ತಿರುವುದು ಗೇಣಿಯಲ್ಲ. ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾಗಿ ಮನೆ ಕಟ್ಟುವವರೆಗೆ ಖಾಲಿಯಿರುವ ನಿವೇಶನದಲ್ಲಿ, ಬಾಡಿಗೆಯಿಲ್ಲದೆ, ಗೊತ್ತಾದ ಅವಧಿಗೆ ಸೊಪ್ಪು ಬೆಳೆಯಲು ಕೊಡುವ ಅನುಮತಿ ಮಾತ್ರ. ಅನುಮತಿಯನ್ನು ಬಾಯಿಮಾತಿನಿಂದ ಕೊಡದೆ ಬರೆವಣಿಗೆಯಲ್ಲಿ ಕೊಡತಕ್ಕದ್ದು. ಒಬ್ಬ ವ್ಯಕ್ತಿಗೆ ಕೊಡುವುದಕ್ಕಿಂತ ಸ್ತ್ರೀಶಕ್ತಿ ಸಂಘಕ್ಕಾಗಲಿ ಬಡಾವಣೆಯ ಸಂಘಕ್ಕಾಗಲಿ ಕೊಡುವುದು ಲೇಸು. ಅವಧಿಯು ಆರು ತಿಂಗಳು ಅಥವಾ ಒಂದು ವರ್ಷ, ಬಾಡಿಗೆಯಿಲ್ಲ, ಶಾಶ್ವತವಾದ ಕಟ್ಟಡವನ್ನಾಗಲಿ ಬಹುವಾರ್ಷಿಕ ಮರವನ್ನಾಗಲಿ ಮಾಲಿಕರ ಒಪ್ಪಿಗೆಯಿಲ್ಲದೆ ಇಡಕೂಡದು, ಬೇಕಾದಾಗ ಎರಡು ತಿಂಗಳ ಮುಂಚೆ ತಿಳಿಸಿದರೆ ಬಿಟ್ಟುಕೊಡತಕ್ಕದ್ದು. ಇಷ್ಟು ಷರತ್ತುಗಳಿರಬೇಕು. ಎರಡು ತಿಂಗಳಲ್ಲಿ ಸೊಪ್ಪಿನ ಬೆಳೆಯು ಕೊಯ್ಲಾಗಿ ಹೋಗುವುದರಿಂದ ಬೆಳೆದವನಿಗೂ ನಷ್ಟವಿಲ್ಲ. ಪತ್ರವನ್ನು ಬರೆಯುವ ಮುಂಚೆ ವಕೀಲರೊಬ್ಬರಿಗೆ ತೋರಿಸುವುದು ವಿವೇಕ. ಮಾಲಿಕನಿಗೂ ಲಾಭವುಂಟು: ನಿವೇಶನದಲ್ಲಿ ಯಾರೂ ಕಸ ಸುರಿಯರು, ಕಳೆ ತೆಗೆಸುವ ಖರ್ಚು ಉಳಿಯುವುದು, ಒತ್ತುವರಿಯ ಮೇಲೆ ಹತ್ತು ಕಣ್ಣುಗಳ ಕಾವಲಿರುವುದು.

ಒಂದು ಎಚ್ಚರಿಕೆ. ಕೆರೆಯ ಅಂಗಳವನ್ನಾಗಲಿ, ರಾಜಕಾಲುವೆಯ ದಡವನ್ನಾಗಲಿ ತೋಟದ ನೆವದಿಂದ ಆಕ್ರಮಿಸಬಾರದು. ಕೆರೆಯ ಜಾಗವು ನೀರಿಗೆ ಸೇರಿದುದು. ಕೆರೆಗೆ ಚರಂಡಿಯ ನೀರು ಸೇರದಂತೆ ತಡೆದರೆ ಸುತ್ತಣ ಬಾವಿಗಳಿಗೆ ಒಳ್ಳೆಯ ನೀರು ಬರುವುದು. ತೋಟಕ್ಕೆ ಕೆರೆಯಿಂದ ಆಗತಕ್ಕ ಉಪಕಾರವು ಇದೇ.

8. ಬೆಳೆದುದು ಯಾರ ಎಲೆಗೆ?

ತೋಟವಾಯಿತೆಂದು ನ್ಯಾಯವಾಯಿತೆಂದು ತಿಳಿಯಬಾರದು. 1943ರ ಬಂಗಾಳದ ಕ್ಷಾಮದಲ್ಲಿ ಪ್ರಾಂತ್ಯದೊಳಗೆ ಧಾನ್ಯವು ಇಲ್ಲವೇ ಇಲ್ಲವೆಂಬಂತಿರಲಿಲ್ಲ. ಕೊಳ್ಳುವ ಶಕ್ತಿಯಿಲ್ಲದ ಕೂಲಿಗಾರರೇ ಹೆಚ್ಚಾಗಿ ಸತ್ತರೆಂಬುದನ್ನು ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿರುವರು. ಬೆಳೆಯುವುದು ಒಂದು ಮಾತು, ಎಲೆಗೆ ಬೀಳುವುದು ಮತ್ತೊಂದು ಮಾತು. ಸಾವಯವ ಸೊಪ್ಪಿಗೆ ನಗರದಲ್ಲಿ ಒಳ್ಳೆಯ ಬೆಲೆಯುಂಟು. ಮಾರುವ ಆಸೆ ಮೊದಲಾದರೆ ಬಡವರ ಮಡಿಯ ಸೊಪ್ಪು ಪುನಃ ಅನುಕೂಲಸ್ಥರ ಮನೆಗೇ ಹೋಗುವುದು.

ಆದಕಾರಣ ಆರಂಭದಲ್ಲಿಯೇ ಕ್ರಮವನ್ನು ಗೊತ್ತುಮಾಡಿಕೊಳ್ಳಬೇಕು. ಮೊದಲು ದುಡಿಯುವ ಸಂಸಾರಗಳ ನಿತ್ಯದ ಪಾಲು, ಅನಂತರ ಹತ್ತಿರದ ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟಕ್ಕೆ ಒಂದು ಪಾಲು, ಮಿಕ್ಕದ್ದು ಮಾರಾಟಕ್ಕೆ. ಮಾರಿದ ಹಣವು ಬೀಜಕ್ಕೂ ನೀರಿನ ತೊಟ್ಟಿಗೂ ಸಲ್ಲಲಿ. ಹೆಚ್ಚಾಗಿ ಬೆಳೆಯುವ ಕಡೆ ಮಧ್ಯವರ್ತಿಗಳಿಲ್ಲದ ಮಾರಾಟಕ್ಕೆ ನಮ್ಮಲ್ಲಿಯೇ ಮಾದರಿಯುಂಟು: 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯನ್ನು ಎಲ್ಲರೂ ಬಲ್ಲರು.

9. ನಗರವು ಬರುವ ಮುಂಚೆ ಮಾಡತಕ್ಕ ಕೆಲಸಗಳು

ಇನ್ನೂ ಹೊಲಗಳುಳ್ಳ ಗ್ರಾಮಗಳ ಮುಖಂಡರಲ್ಲಿ ಈ ಕೆಳಕಂಡ ಸೂಚನೆಗಳನ್ನು ಅರಿಕೆಮಾಡಿಕೊಳ್ಳಲಾಗಿದೆ.

ಕೆರೆ, ರಾಜಕಾಲುವೆ, ಗುಂಡುತೋಪು, ಗೋಮಾಳಗಳ ಎಲ್ಲೆಗಳನ್ನು ಈಗಲೇ ಅಳೆಸಿ ಕಲ್ಲು ನೆಡಿಸಬೇಕು. ತೆರೆದ ಬಾವಿಗಳನ್ನು ಮುಚ್ಚಿಸಬಾರದು. ಬಡಾವಣೆಯ ನಕ್ಷೆ ತಯಾರಾಗುವಾಗ ಆಟದ ಮೈದಾನವನ್ನು ಕೇಳುವಂತೆಯೇ ಹತ್ತು ಗುಂಟೆಯಾದರೂ ಸಾಮುದಾಯಿಕ ತೋಟಕ್ಕೆ ಜಾಗವನ್ನು ಕೇಳಿ ಪಡೆಯಬೇಕು. ಚರಂಡಿಯ ನೀರು ಮಳೆನೀರಿನ ಕಾಲುವೆಗೆ ಬೀಳದಂತೆ ಮೊದಲ ಮನೆ ಕಟ್ಟುವಾಗಲೇ ನೋಡಿಕೊಳ್ಳಬೇಕು. ಸಾವಿರ ಮನೆಗಳಾದ ಮೇಲೆ ಅದು ಸಾಧ್ಯವಾಗದು. ಶಾಲೆಯ ಆವರಣದಲ್ಲಿ ಹತ್ತು ಮಡಿಗಳನ್ನು ಮಾಡಿಸಿ ಮಕ್ಕಳಿಗೆ ಒಪ್ಪಿಸಬೇಕು.

ನಗರದೊಳಗೆ ಸೇರಿಹೋದ ಊರುಗಳವರು ಈ ವರ್ಷ ಒಂದೇ ಒಂದು ನಿವೇಶನದಿಂದ ಆರಂಭಿಸಬಹುದು. ಮುಂಗಾರಿನ ಮೊದಲ ಮಳೆಗೆ ಮುಂಚೆ ಕಸ ತೆಗೆದು, ಮಡಿ ಮಾಡಿ, ಗೊಬ್ಬರದ ತೊಟ್ಟಿಯನ್ನು ಇಟ್ಟರೆ ಮಳೆಗಾಲದ ನಡುವೆಯೇ ಮೂರು ಸಂಸಾರಗಳು ಸೊಪ್ಪು ಕೊಯ್ಯುವುವು. ಬೀಜಕ್ಕಾಗಿಯೂ ಸಲಹೆಗಾಗಿಯೂ ಹೆಸರಘಟ್ಟದ ಸಂಸ್ಥೆಯನ್ನೂ, ಸ್ಥಳೀಯ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ ಆಶ್ರಯಿಸಬಹುದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಹಿತ್ತಲಿದ್ದ ಕಾಲದ್ದು. ಹಿತ್ತಲೇ ಇಲ್ಲದವರಿಗೆ ಆ ಗಿಡದ ಬೆಲೆ ಈಗ ತಿಳಿದಿದೆ. ಮಲ್ಲತ್ತಹಳ್ಳಿಯಂತಹ ಊರುಗಳಲ್ಲಿ ಆ ಹಿತ್ತಲನ್ನು ಸ್ವಲ್ಪಮಟ್ಟಿಗಾದರೂ ಮರಳಿ ಕೊಡುವುದಕ್ಕೆ ಹೆಚ್ಚಿನ ಹಣವಾಗಲಿ ಯಂತ್ರವಾಗಲಿ ಬೇಕಾಗಿಲ್ಲ. ಒಂದು ಗುಂಟೆ ನೆಲ, ಶುದ್ಧವಾದ ನೀರು, ಮತ್ತು ಮಾಲಿಕರ ಒಂದು ಒಪ್ಪಿಗೆಯ ಪತ್ರ ಇಷ್ಟು ಸಾಕು. ಇವುಗಳಲ್ಲಿ ಮೂರನೆಯದು ಈ ಪತ್ರಿಕೆಯನ್ನು ಓದುವ ಮಹನೀಯರಿಂದಲೇ ಆಗಬೇಕಾದುದು.